ಡಕ್ಕೆಗೆ ಹಾಡಿದ ಜೋಗುಳ

"ಹಾಡು ಹೆಂಗೈತೋ ಹಂಗೇ ಇರ್ಲಿ ಕಣಕ್ಕ. ದನಿನೇ ಬ್ಯಾರೆ, ಡಕ್ಕೆನೇ ಬ್ಯಾರೆ ಮಾಡ್ಗೀಡ್ಬುಟ್ಟೀರ. ಕೈ ಮುಗಿತೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಗಸು.

ರಕ್ಷಿತಾ ಹೆಡ್‌ಫೋನನ್ನು ಕಿವಿಯಿಂದ ಕುತ್ತಿಗೆಗೆ ಇಳಿಸಿಕೊಂಡಳು. ಬಂದ ನಗುವನ್ನು ತುಟಿ ಕಚ್ಚಿ ತಡೆದಳು. ಹೆಂಗಸು ತನ್ನ ಹೆಸರು ಲತಾಮಣಿ ಎಂದಳು. ಸಾವನದುರ್ಗದ ಬುಡದ ಹಳ್ಳಿಯಿಂದ ಬಸ್ಸು ಬದಲಿಸಿ ರಾಮನಗರಕ್ಕೆ ಬಂದಿದ್ದಳು. ಅವಳ ಬೆನ್ನಿಗಂಟಿ ನಿಂತಿದ್ದ ಮುದುಕಿ ಅವಳ ತಾಯಿ, ವೆಂಕಟಲಕ್ಷ್ಮಮ್ಮ.

ಅದು ಒಂದು ಕಾಲಕ್ಕೆ ರೇಷ್ಮೆ ನೂಲು ಬಿಚ್ಚುತ್ತಿದ್ದ ಶೆಡ್ಡು. ಒಲೆ, ರಾಟೆ ಎಲ್ಲ ಹೋಗಿ ವರ್ಷಗಳಾಗಿದ್ದರೂ ಬೆಂದ ಹುಳುವಿನ ವಾಸನೆ ಮಾತ್ರ ಗೋಡೆ ಬಿಟ್ಟಿರಲಿಲ್ಲ. ರಕ್ಷಿತಾ ಅದರ ಕಿಟಕಿಗಳಿಗೆ ದಪ್ಪ ಸ್ಪಂಜು ಬಡಿದು, ಒಳಗೊಂದು ಗಾಜಿನ ಕೋಣೆ ಕಟ್ಟಿಸಿ ಸ್ಟುಡಿಯೋ ಮಾಡಿಕೊಂಡಿದ್ದಳು. ನಡುಹಗಲಲ್ಲೂ ಒಳಗೆ ಕತ್ತಲೆ. ಮದುವೆ ಆರ್ಕೆಸ್ಟ್ರಾದವರು, ಶಾಲೆಯ ವಾರ್ಷಿಕೋತ್ಸವದವರು ಹಾಡು ತಂದುಕೊಟ್ಟರೆ ಅದರಿಂದ ಗಾಯಕರ ದನಿಯನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಿ ಬರೀ ವಾದ್ಯ ಉಳಿಸಿಕೊಡುವುದು ಅವಳ ಕೆಲಸ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು. ಗಂಡ ನೀಲಕಂಠನ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಈ ಕ್ಯಾಸೆಟ್ ಕೊಟ್ಟುಹೋದವನು ಅನಂತರಾಜು. ಮೆರವಣಿಗೆಗಳಿಗೆ ಡಿಜೆ ಹಾಕುವವನು, ಲತಾಮಣಿಯ ದೊಡ್ಡಪ್ಪನ ಮಗ. ಚಿಕ್ಕಮ್ಮನ ಅಟ್ಟದಲ್ಲಿ ಸಿಕ್ಕಿತೆಂದು ತಂದಿದ್ದ. ಹಾಡಿನ ದನಿ ತೆಗೆದು ಡಕ್ಕೆಯ ಸದ್ದು ಮಾತ್ರ ಕೊಟ್ಟರೆ ಜನ ಕುಣಿದು ಸಾಯುತ್ತಾರೆ ಎಂದಿದ್ದ. ಅಂಗೈಯಗಲದ ಸಣ್ಣ ಚರ್ಮವಾದ್ಯದಿಂದ ಅಂಥ ಸದ್ದು ಬಂದದ್ದನ್ನು ರಕ್ಷಿತಾ ಕೂಡ ಕೇಳಿರಲಿಲ್ಲ.

"ಇದರಲ್ಲಿ ಹಾಡಿರೋದು ನಿಮ್ಮ ತಾಯಿಯಾ?"

"ಹೂಂ ಕಣಕ್ಕ. ನಾನು ಹೊಟ್ಟೇಲಿದ್ದಾಗ ಹಾಡಿದ್ದಂತೆ. ಆವತ್ತಿಂದ ಅವ್ವ ಒಂದು ಮಾತಾಡಿಲ್ಲ. ಅವಳ ದನಿ ಅದ್ರಲ್ಲೇ ಐತೆ. ಡಕ್ಕೆ ಬಡಿದೋನು ನಮ್ ತಾತ. ಬಾಯಿಕಟ್ಟು ಮಾಡೋನು."

"ಬಾಯಿಕಟ್ಟು ಅಂದ್ರೆ?"

ಲತಾಮಣಿ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಮಾಟ ಕಣಕ್ಕ. ಡಕ್ಕೆ ಬಡೀತಾ ಯಾರ ಹೆಸ್ರು ಹೇಳ್ತಿದ್ನೋ ಅವರ ಬಾಯಿ ಕಟ್ಕೊಂಬುಡೋದು. ಕೋರ್ಟಲ್ಲಿ ಸಾಕ್ಷಿ ಹೇಳಕ್ಕೆ ಹೋದೋರು ಮೂಗರಂಗೆ ನಿಂತ್ಬುಡೋರು. ಸತ್ರೂ ತನ್ನ ಕೈ ಸಾಯಬಾರ್ದು ಅಂತ ಅದನ್ನ ಟೇಪಲ್ಲಿ ತುಂಬ್ಸಿ ಸತ್ತ. ನಮ್ಮಪ್ಪ ಸಾಯೋವಾಗ ಎಲ್ಲಾ ಹೇಳವ್ನೆ."

ಈಗ ರಕ್ಷಿತಾಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಮ್ಮ ಹಿಂದಿನ ಬೀದಿಯವರ ಹೆಸರು ಹೇಳ್ತೀನಿ, ಒಂದು ವಾರ ಬಾಯಿ ಕಟ್ಟಿಸಿಕೊಡಿ. ಪುಣ್ಯ ಬರುತ್ತೆ."

ಮುದುಕಿ ತಟ್ಟನೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು. ಒಣಗಿದ ಹಿಡಿ, ತಣ್ಣಗಿತ್ತು. ಬಾಯಿ ತೆರೆಯಿತು. ಗಂಟಲು ಮೇಲೆ ಕೆಳಗೆ ಹೊಯ್ದಾಡಿತು. ಎಲೆಅಡಿಕೆಯ ಘಾಟು ತುಂಬಿದ ಉಸಿರು ಬಂತೇ ಹೊರತು ದನಿ ಬರಲಿಲ್ಲ. ಅವಳು ಕಂಪ್ಯೂಟರಿನ ಕಡೆ ಕೈ ತೋರಿದಳು, ತನ್ನ ಗಂಟಲು ಮುಟ್ಟಿಕೊಂಡಳು, ಎರಡು ಅಂಗೈಗಳನ್ನು ಜೋಡಿಸಿ ಪಕ್ಕಕ್ಕೆ ಎಳೆದಳು. ಮತ್ತೆ ಮತ್ತೆ ಹಾಗೇ ಎಳೆದಳು. ಕಣ್ಣಲ್ಲಿ ನೀರಿತ್ತು.

"ಬ್ಯಾರೆ ಮಾಡ್ಬ್ಯಾಡ ಅಂತಾವ್ಳೆ," ಎಂದಳು ಮಗಳು.

"ಕ್ಯಾಸೆಟ್ ಕೊಟ್ಟಿರೋದು ಅನಂತರಾಜು. ಅವರನ್ನೇ ಕೇಳಿ," ಎಂದು ರಕ್ಷಿತಾ ಕೈ ಬಿಡಿಸಿಕೊಂಡು ಬಾಗಿಲು ಹಾಕಿದಳು. ಪಾರ್ಶ್ವವಾಯುವಿನಿಂದ ಮಾತು ಹೋಗಿರಬೇಕು, ಆಸ್ಪತ್ರೆಗೆ ತೋರಿಸದೆ ಕತೆ ಕಟ್ಟಿದ್ದಾರೆ ಎಂದುಕೊಂಡಳು.

ಸಂಜೆ ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಬಂದ ನೀಲಕಂಠ ಇದನ್ನು ಕೇಳಿ ನಗಲಿಲ್ಲ. "ಯಾಕೆ ಬೇಕು ಮಾರಾಯ್ತಿ, ವಾಪಸ್ ಕೊಟ್ಬುಡು," ಎಂದ.

"ಓದಿದೋನು ನೀನೂ ಶುರುಮಾಡಿದ್ಯಾ?"

ಅವನು ಮಗಳು ಶಾಂಭವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ವಚನ ಹೇಳಿಕೊಡತೊಡಗಿದ. ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವನು. ತುಂಬಿದ ದನಿ, ಕೆಳಗಿನ ಸ್ವರಕ್ಕೆ ಇಳಿದಾಗ ಎದೆಗೆ ಕಿವಿಯಿಟ್ಟು ಕೇಳಿದ ಹಾಗಿರುತ್ತಿತ್ತು. ರಕ್ಷಿತಾ ಅವನನ್ನು ಮೊದಲು ಕಂಡಿದ್ದಲ್ಲ, ಕೇಳಿದ್ದು. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ, ಗೋಡೆಯ ಆಚೆಯಿಂದ.

ಮರುದಿನ ಶನಿವಾರ. ಮಟಮಟ ಮಧ್ಯಾಹ್ನ ರಕ್ಷಿತಾ ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಕೂತಳು. ಕ್ಯಾಸೆಟ್ಟಿನ ಕೊಯ್ಯೆನ್ನುವ ಸದ್ದಿನಿಂದ ಹೆಂಗಸಿನ ದನಿ ಎದ್ದುಬಂತು. ಹರೆಯದ ದನಿ. ಅತ್ತತ್ತು ಒಡೆದಂತಿದ್ದ ದನಿ.

*ಮಲಗು ಮಲಗಯ್ಯ ಕೈಯೇ, ಮಲಗು ಬಡಿವ ಬೆರಳೇ,*
*ಉಂಡ ಮಾತು ಅರಗಲಿ, ಹಸಿವು ಮರೆತು ಮಲಗು.*

ಜೋಗುಳ. ಮಗುವಿಗಲ್ಲ, ಬಡಿಯುವ ಕೈಗೆ. ರಕ್ಷಿತಾಗೆ ಒಂದು ಗಳಿಗೆ ಮೈ ಜುಮ್ಮೆಂದಿತು. ಆದರೂ ದನಿ ಬಿಡಿಸುವ ಬಟನ್ ಒತ್ತಿದಳು.

ಹೀಗೆ ಬಿಡಿಸಿದಾಗ ಯಾವ ಹಾಡೂ ಪೂರ್ತಿ ಬೇರೆಯಾಗುವುದಿಲ್ಲ. ವಾದ್ಯದ ಹಿಂದೆ ಹಾಡಿದವರ ಉಸಿರಿನ ಚೂರು, ನೀರಿನಡಿಯ ಮಾತಿನಂತೆ, ಉಳಿದೇ ಇರುತ್ತದೆ. ಇದರಲ್ಲಿ ಏನೂ ಉಳಿದಿರಲಿಲ್ಲ. ಹಣ್ಣಿನಿಂದ ಸಿಪ್ಪೆ ಸುಲಿದಂತೆ ದನಿ ಕಳಚಿಕೊಂಡಿತ್ತು. ಕಿವಿಯಲ್ಲಿ ಬರೀ ಡಕ್ಕೆ.

ಡಗ್. ಡಗ್ ಡಗ್. ಡಗ್.

ಪೆಟ್ಟು ಪೆಟ್ಟಿನ ನಡುವೆ ಯಾರೋ ಮೂಗಿನಿಂದ ಉಸಿರೆಳೆಯುತ್ತಿದ್ದರು. ನಿದ್ದೆಯಿಂದ ಈಗಷ್ಟೇ ಎದ್ದವರ ಉಸಿರು. ಗೋಡೆಯ ಹುಳುವಿನ ವಾಸನೆ ಒಮ್ಮೆಲೇ ದಟ್ಟವಾಗಿ, ಇದೀಗ ಬಾಣಲೆಯಲ್ಲಿ ಬೇಯುತ್ತಿದ್ದಂತೆ ಮೂಗಿಗೆ ಅಡರಿತು. ಹೊರಗೆ ಗೇಟು ಕಿರುಗುಟ್ಟಿತು. ಮಗಳು ಶಾಲೆಯಿಂದ ಬಂದಿರಬೇಕು. ರಕ್ಷಿತಾ ಡಕ್ಕೆಯನ್ನು ನಿಲ್ಲಿಸದೆಯೇ ಕೂಗಿದಳು.

"ಶಾಂಭವೀ, ಒಳಗೆ ಬಾ ಪುಟ್ಟಾ!"

ಡಕ್ಕೆ ನಿಂತಿತು. ಪರದೆಯ ಮೇಲೆ ಅಲೆ ಇನ್ನೂ ಓಡುತ್ತಲೇ ಇತ್ತು. ಸದ್ದು ಮಾತ್ರ ನಿಂತಿತು. ಆಮೇಲೆ ಒಂದೇ ಒಂದು ಪೆಟ್ಟು. ಅದು ಹೆಡ್‌ಫೋನಿನಿಂದ ಬರಲಿಲ್ಲ. ಬೆನ್ನ ಹಿಂದಿನ ಗೋಡೆಯಿಂದ ಬಂತು.

ಮಗಳು ಬಾಗಿಲು ತಳ್ಳಿಕೊಂಡು ಓಡಿಬಂದಳು. ಚಪ್ಪಲಿ ಟಪಟಪ ಅಂದಿತು. ಬ್ಯಾಗಿನ ಜಿಪ್ಪು ಸರ್ರೆಂದಿತು. ಶಾಂಭವಿ ಏನನ್ನೋ ಸಂಭ್ರಮದಿಂದ ಹೇಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಮಾತಿಲ್ಲ. ತನ್ನ ಕಿವಿಯೇ ಹೋಯಿತೆಂದು ರಕ್ಷಿತಾ ಹೆಡ್‌ಫೋನ್ ಕಿತ್ತೆಸೆದಳು. ಅದು ನೆಲಕ್ಕೆ ಬಿದ್ದ ಸದ್ದು ಕೇಳಿತು. ಹೊರಗಿನ ಕಾಗೆ ಕೇಳಿತು. ಮಗು ಮಾತ್ರ ಕೇಳಲಿಲ್ಲ.

ಶಾಂಭವಿಗೂ ತಿಳಿಯಿತು. ಗಂಟಲು ಹಿಡಿದುಕೊಂಡಳು. ಮುಖ ಕೆಂಪಾಗುವಷ್ಟು ಕೂಗಿದಳು. ದನಿ ಹೊರಡಲಿಲ್ಲ. ಅತ್ತಳು. ಅಳುವಿಗೂ ಸದ್ದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ, ಹೆದರಿಕೊಂಡಿದ್ದಾಳೆ ಎಂದರು. ಮಗಳನ್ನು ನೀಲಕಂಠನ ತೋಳಿಗೆ ಕೊಟ್ಟು ರಕ್ಷಿತಾ ಶೆಡ್ಡಿಗೆ ಓಡಿದಳು. ಬಿಡಿಸಿದ್ದನ್ನು ಮತ್ತೆ ಸೇರಿಸಿದರಾಯಿತು, ಅಷ್ಟೇ ತಾನೆ. ದನಿಯ ಫೈಲು ತೆರೆದಳು. ಅಲೆಯಿದ್ದ ಜಾಗದಲ್ಲಿ ಸಪಾಟಾದ ಗೆರೆ. ಖಾಲಿ. ಮೂಲ ಕ್ಯಾಸೆಟ್ಟನ್ನೇ ಹಾಕಿದಳು. ಯಾರೂ ಮುಟ್ಟದ ಆ ಕ್ಯಾಸೆಟ್ಟಿನಲ್ಲೂ ಜೋಗುಳ ಇರಲಿಲ್ಲ. ಡಗ್. ಡಗ್ ಡಗ್. ಡಗ್. ಕೇಳುತ್ತ ಕೂತವಳಿಗೆ ಫೋನು ಹೊಡೆದುಕೊಂಡದ್ದು ತಡವಾಗಿ ಗೊತ್ತಾಯಿತು.

ಲತಾಮಣಿ ಆ ಕಡೆಯಿಂದ ಅಳುತ್ತಿದ್ದಳು. "ಏನ್ ಮಾಡ್ಬುಟ್ರಿ ಅಕ್ಕ? ನಮ್ಮವ್ವ ಮಾತಾಡ್ತಾವ್ಳೆ."

ಬೆಳಕು ಹರಿಯುತ್ತಲೇ ಮೂವರೂ ಕಾರಿನಲ್ಲಿ ಹೊರಟರು. ಮಾಗಡಿ ರಸ್ತೆ ಹಿಡಿದರು. ದುರ್ಗದ ಕರಿಬಂಡೆ ಆಕಾಶದ ಅರ್ಧವನ್ನು ತಿಂದುಕೊಂಡು ಎದುರು ನಿಂತಿತು. ಮನೆ ಸಿಗುವ ಮೊದಲೇ ಅವರಿಗೆ ದನಿ ಸಿಕ್ಕಿತು.

ವೆಂಕಟಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಹಸುವಿನೊಡನೆ ಮಾತಾಡುತ್ತಿದ್ದಳು. ಹಸು ಬಿಟ್ಟು ಕೋಳಿಯೊಡನೆ, ಕೋಳಿ ಬಿಟ್ಟು ತೊಲೆಯೊಡನೆ. ರಾತ್ರಿಯೆಲ್ಲ ಬಾಯಿ ಮುಚ್ಚಿರಲಿಲ್ಲವಂತೆ. ಮುಖ ಮುದುಕಿಯದು; ದನಿ ಮಾತ್ರ ಕ್ಯಾಸೆಟ್ಟಿನ ಹರೆಯದ ದನಿ. ಶಾಂಭವಿಯನ್ನು ಕಂಡು ಸುಮ್ಮನಾದಳು. ಹತ್ತಿರ ಬಂದು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿದಳು.

"ಆ ಕೈ ಮೊದ್ಲು ಮಾತು ತಿಂತದೆ. ಆಮೇಲೆ ಉಸ್ರು," ಎಂದಳು. "ನಮ್ ಮಾವ ಸತ್ತ ಮೇಲೆ ನನ್ ಗಂಡ ಏನೋ ತಮಾಸೆಗೆ ಆ ಟೇಪ್ ಹಾಕ್ದ. ಅದು ಓಡ್ತಿದ್ದಾಗ ನಾನು ನನ್ ಮಗನ್ನ ಊಟಕ್ಕೆ ಕರುದ್ಬುಟ್ಟೆ. ಹೆಸ್ರಿಡ್ದು. ಈ ಮಗೀನಷ್ಟೇ ಇದ್ದ."

ರಕ್ಷಿತಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಜಗುಲಿಯ ಕಂಬ ಹಿಡಿದು ಕೂತಳು.

"ಡಕ್ಕೆ ಮ್ಯಾಲೆ ಜೋಗುಳ ಹಾಡಿ, ಎರಡ್ನೂ ಇನ್ನೊಂದು ಟೇಪಲ್ಲಿ ತುಂಬಿ, ಮೊದಲ್ನೇದ ಸುಟ್ರೆ ಕೈ ಮಲಗ್ತದೆ ಅಂತ ಮಾವನ ಗುರು ಹೇಳ್ದ. ಹಾಡ್ದೋರ ದನಿ ಅಲ್ಲೇ ಕಾವಲು ನಿಲ್ಬೇಕು ಅಂದ. ಹಾಡ್ದೆ. ಹಾಡು ಮುಗಿಯೋ ಹೊತ್ಗೆ ನನ್ ಮಗ ಹೋಗ್ಬುಟ್ಟಿದ್ದ. ಅಯ್ಯೋ ಅನ್ನಕ್ಕೂ ನನ್ ಬಾಯಲ್ಲಿ ದನಿ ಇರ್ನಿಲ್ಲ."

ನೀಲಕಂಠ ಅವಳ ಕಾಲಿಗೆ ಬಿದ್ದ. "ಇನ್ನೊಂದು ಸಲ ಹಾಡವ್ವ. ನಿನ್ ಮೊಮ್ಮಗಳು ಅಂದ್ಕೊ."

ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಇಲ್ಲವೆಂದು ಕತ್ತು ಅಲ್ಲಾಡಿಸಿದಳು.

"ಬ್ಯಾರೆ ಮಾಡ್ಬ್ಯಾಡಿ ಅಂದೋಳು ನನ್ ಮಗಳು ಕಣಪ್ಪ. ನಾನು ಮಾಡಿ ಅಂದಿದ್ದೆ. ನಿನ್ ಹೆಂಡ್ತಿ ಕೈ ಹಿಡ್ಕಂಡು ಬೇಡ್ಕಂಡಿದ್ದೆ. ಯಾರ್ ಮನೆ ಮಗೀಗೆ ಏನಾಯ್ತದೆ ಅಂತ ನಾನು ಯೋಚ್ನೆ ಮಾಡ್ನಿಲ್ಲ. ಪಾಪಿ ಅನ್ನು, ಬಿಡು. ಸತ್ತೋದ ಮಗನ ಹೆಸ್ರಿಡ್ದು ನಿನ್ನೆ ಕೂಗಿ ಅತ್ತೆ. ಇಷ್ಟು ವರ್ಸಕ್ಕೆ ನಿನ್ನೆ ಅತ್ತೆ. ಇನ್ನ ನಾನು ಮೂಗಿ ಆಗಕ್ಕಿಲ್ಲ. ಹಾಡು ಹೇಳ್ಕೊಡ್ತೀನಿ, ಕಲ್ತ್ಕೊಂಡು ಹೋಗಿ."

ಲತಾಮಣಿ ತಾಯಿಯನ್ನೇ ಬೆಚ್ಚಿ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಅವ್ವನ ಕೈಸನ್ನೆಗೆ ಮಾತಾದವಳು ಅವಳು.

ಜಗುಲಿಯ ಮೇಲೆ ಗಂಡ ಹೆಂಡತಿ ಇಬ್ಬರೂ ಹಾಡು ಕಲಿತರು. ರಾಮನಗರಕ್ಕೆ ವಾಪಸಾಗುವಾಗ ಶಾಂಭವಿಯ ತುಟಿ ನೀಲಿಗೆ ತಿರುಗುತ್ತಿತ್ತು. ದಾರಿಯಲ್ಲಿದ್ದ ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಇಟ್ಟರು. ಮಗು ಅದನ್ನೂ ಒಳಕ್ಕೆಳೆಯಲಾರದೆ ಒದ್ದಾಡಿತು. ಅಲ್ಲಿ ನಿಲ್ಲಲಿಲ್ಲ. ಶೆಡ್ಡಿನ ಬಾಗಿಲು ತೆರೆದಾಗ ಬಿಸಿಲು ಇಳಿಮುಖವಾಗಿತ್ತು. ಒಳಗೆ ಕಂಪ್ಯೂಟರು ಆರಿಹೋಗಿತ್ತು. ಆದರೂ ಡಕ್ಕೆ ಬಡಿಯುತ್ತಿತ್ತು.

"ನಾನು ಹಾಡ್ತೀನಿ," ಎಂದಳು ರಕ್ಷಿತಾ. "ಹೆಸರು ಕೂಗಿದ್ದು ನಾನು." ಕಂಪ್ಯೂಟರು ಹಾಕಿ, ರೆಕಾರ್ಡಿಂಗ್ ಶುರುಮಾಡಿ ಗಾಜಿನ ಕೋಣೆಗೆ ಹೋಗಿ ಮೈಕಿನ ಮುಂದೆ ನಿಂತಳು. ಮಲಗು ಮಲಗಯ್ಯ ಕೈಯೇ. ಮೊದಲ ಸಾಲಿಗೇ ದನಿ ನಡುಗಿತು. ಎರಡನೆಯದಕ್ಕೆ ತಾಳ ತಪ್ಪಿತು. ಡಕ್ಕೆ ಒಂದು ಗಳಿಗೆ ತಡೆದು, ಆಮೇಲೆ ಅಣಕಿಸುವಂತೆ ಜೋರಾಯಿತು. ಗಾಜಿನಾಚೆ ನೀಲಕಂಠನ ತೋಳಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿತು. ರಕ್ಷಿತಾ ಮತ್ತೆ ಹಾಡಿದಳು. ಮತ್ತೆ ತಪ್ಪಿತು. ಇಡೀ ಬದುಕು ಬೇರೆಯವರ ಹಾಡು ತಿದ್ದಿದವಳಿಗೆ ಎರಡು ಸಾಲು ಹಿಡಿಯಲಾಗಲಿಲ್ಲ.

ಬಾಗಿಲು ತೆರೆಯಿತು. ನೀಲಕಂಠ ಮಗುವನ್ನು ಅವಳ ತೋಳಿಗೆ ಹಾಕಿದ. ಅವಳ ಹಣೆಯ ಮೇಲೆ ಒಮ್ಮೆ ಕೈಯಿಟ್ಟ.

"ಹೊರಗೆ ಹೋಗು."

"ಬೇಡ. ಬೇಡ ಕಣೋ. ನಿನ್ನ ದನಿ..."

"ಹೋಗು ಅಂದ್ನಲ್ಲ. ಮಗು ನೋಡ್ಕೊ."

ಅವಳನ್ನು ಹೊರಕ್ಕೆ ತಳ್ಳಿ ಒಳಗಿನಿಂದ ಚಿಲಕ ಹಾಕಿಕೊಂಡ. ಅವಳು ಗಾಜಿಗೆ ಗುದ್ದಿದಳು. ಸದ್ದು ಒಳಹೋಗದ ಹಾಗೆ ಆ ಗಾಜು ಹಾಕಿಸಿದವಳು ಅವಳೇ. ರೆಕಾರ್ಡಿಂಗ್ ನಿಲ್ಲಿಸಿದರೆ ಮಗಳು ಹೋಗುತ್ತಾಳೆ. ನಿಲ್ಲಿಸದಿದ್ದರೆ ಇವನ ದನಿ. ತೋಳಲ್ಲಿ ಮಗು ತಣ್ಣಗಾಗುತ್ತಿತ್ತು. ಅವಳು ನಿಲ್ಲಿಸಲಿಲ್ಲ.

ಸ್ಪೀಕರಿನಿಂದ ಅವನ ದನಿ ಬಂತು. ತುಂಬಿದ ದನಿ. ಕೆಳಗಿನ ಸ್ವರಕ್ಕೆ ಇಳಿಯುವ ದನಿ. ಡಕ್ಕೆ ಜೋರಾಯಿತು. ಅವನು ಜೋರಾಗಲಿಲ್ಲ. ಮಗಳನ್ನು ತೂಗುವವನಂತೆ ಮೆಲ್ಲಗೆ, ಪೆಟ್ಟಿನ ಮೇಲೆ ಪದವಿಟ್ಟು ಹಾಡಿದ. ಗೋಡೆ ಬೆವರಿತು. ಹುಳುವಿನ ವಾಸನೆ ದಟ್ಟವಾಯಿತು. ಡಗ್. ಡಗ್ ಡಗ್. ಗಾಜಿನೊಳಗೆ, ಅವನ ಬೆನ್ನ ಹಿಂದೆ, ಕತ್ತಲೆ ಗಟ್ಟಿಯಾಯಿತು. ಅದಕ್ಕೆ ಬೆರಳುಗಳಿದ್ದವು. ಅವು ಅವನ ಗಂಟಲ ಹತ್ತಿರ ಬಂದವು. ಅವನು ಕಣ್ಣು ಮುಚ್ಚಿದ. ಹಾಡಿದ. ಉಂಡ ಮಾತು ಅರಗಲಿ. ಪೆಟ್ಟು ನಿಧಾನವಾಯಿತು. ಹಸಿವು ಮರೆತು. ಇನ್ನೂ ನಿಧಾನ. ಅವನ ತುಟಿ ಅಲ್ಲಾಡುತ್ತಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಕೊನೆಯ ಪದ ಸ್ಪೀಕರಿನಿಂದ ಬಂತು. ಅವನ ಬಾಯಿಂದಲ್ಲ.

ಮಲಗು.

ನಿಶ್ಶಬ್ದ.

ತೋಳಲ್ಲಿ ಮಗು ಕೆಮ್ಮಿತು. ಕೆಮ್ಮಿಗೆ ಸದ್ದಿತ್ತು. ಉಸಿರೆಳೆದು, ಹೋ ಎಂದು ಅತ್ತಿತು. ಗಾಜಿನಾಚೆ ಮಂಡಿಯೂರಿ ಕೂತಿದ್ದವನನ್ನು ಕಂಡು "ಅಪ್ಪಾ!" ಎಂದು ಕಿರುಚಿತು. ನೀಲಕಂಠ ತಲೆಯೆತ್ತಿ ನಕ್ಕ. ಬಾಯಿ ತೆರೆದು ಅವಳ ಹೆಸರು ಕರೆದ. ಕರೆದದ್ದು ಯಾರಿಗೂ ಕೇಳಲಿಲ್ಲ.

ಆ ದಿನವೇ ಕ್ಯಾಸೆಟ್ಟನ್ನು ಸುಟ್ಟು, ಬಿಡಿಸಿದ ಫೈಲುಗಳನ್ನು ಅಳಿಸಿದರು. ಉಳಿದದ್ದು ಅವನು ಹಾಡಿದ ಆ ಒಂದು ರೆಕಾರ್ಡಿಂಗ್. ಅದನ್ನು ಅಳಿಸುವಂತಿರಲಿಲ್ಲ, ಕಾವಲಿನ ದನಿ ಅಳಿದರೆ ಕೈ ಮತ್ತೆ ಏಳುತ್ತದೆ. ಆರ್ಕೆಸ್ಟ್ರಾದವರು ಬಂದು ನೋಡಿ ಹೋದರು. ಅನಂತರಾಜು ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುತ್ತಿದ್ದ. ಫ್ಯಾಕ್ಟರಿಯಲ್ಲಿ ಮೆಷಿನ್ನುಗಳ ಗದ್ದಲದ ನಡುವೆ ಮಾತಿಲ್ಲದಿದ್ದರೂ ನಡೆಯುತ್ತಿತ್ತು. ಮನೆಯಲ್ಲಿ ನಡೆಯುತ್ತಿರಲಿಲ್ಲ. ಸಂಜೆ ಬಂದವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನೆ ಗೋಡೆ ನೋಡುತ್ತಿದ್ದ.

ದೀಪಾವಳಿ ಕಳೆದ ಮೇಲೊಂದು ಭಾನುವಾರ ಶಾಂಭವಿ ಶೆಡ್ಡಿಗೆ ಬಂದು ಹಟ ಹಿಡಿದಳು. ಅಪ್ಪನ ದನಿ ಕಂಪ್ಯೂಟರಲ್ಲಿ ಐತಂತೆ, ಕೇಳಬೇಕು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ರಕ್ಷಿತಾ ಹಾಕಿದಳು. ನಿದ್ದೆಯಲ್ಲಿರುವವರ ಎದೆಬಡಿತದಂಥ ಡಕ್ಕೆ, ಅದರ ಮೇಲೆ ಅವನ ಜೋಗುಳ. ಮಗು ಬಾಯಿ ತೆರೆದುಕೊಂಡು ಕೇಳಿತು. ಮುಗಿದ ಮೇಲೆ ಅಮ್ಮನ ಸೆರಗು ಎಳೆಯಿತು.

"ಅಮ್ಮಾ, ಆ ಡಬ್ ಡಬ್ ತೆಗ್ದುಬಿಡು. ನಿಂಗೆ ಬರುತ್ತಲ್ಲ. ಅಪ್ಪನ್ನ ಮಾತ್ರ ಹಾಕು."

ರಕ್ಷಿತಾಳ ಕೈ ಮೌಸಿನ ಮೇಲಿತ್ತು. ಒಂದು ಬಟನ್ ಅಷ್ಟೇ. ಈ ಕೋಣೆಯಲ್ಲಿ ಯಾರ ಹೆಸರನ್ನೂ ಹಿಡಿಯದೆ, ಬಾಯಿ ಹೊಲಿದುಕೊಂಡು ಕೂತು ಒತ್ತಿದರೆ, ಅವನ ದನಿ ಅವನಿಗೆ ವಾಪಸ್ ಸಿಕ್ಕೀತು. ಎದ್ದ ಕೈ ಯಾರನ್ನು ಹುಡುಕಿಕೊಂಡು ಹೋಗುತ್ತದೋ ಹೋಗಲಿ. ಎಲ್ಲೋ ಒಂದು ಊರು, ಯಾರದೋ ಮನೆ. ಆ ಯೋಚನೆ ಅವಳಿಗೆ ಹೊಸದಾಗಿರಲಿಲ್ಲ. ದಿನವೂ ಬರುತ್ತಿತ್ತು.

ಬೆನ್ನ ಹಿಂದೆ ಉಸಿರು ಕೇಳಿ ತಿರುಗಿದಳು. ನೀಲಕಂಠ ಯಾವಾಗಲೋ ಬಂದು ನಿಂತಿದ್ದ. ಎಲ್ಲವನ್ನೂ ಕೇಳಿದ್ದ. ಅವನು ಬಾಗಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಮೌಸಿನಿಂದ ಅದನ್ನು ಎತ್ತಿ ಪಕ್ಕಕ್ಕಿಡುತ್ತಾನೆಂದು ಅವಳು ಕಾದಳು.

ಅವನು ಎತ್ತಲಿಲ್ಲ. ಅವನ ಬೆರಳು ಅವಳ ಬೆರಳಿನ ಮೇಲೆಯೇ ಉಳಿಯಿತು.

"ಹಾಕಮ್ಮಾ," ಎಂದಳು ಮಗಳು.